ಹೆಡ್ ಬಿಚ್ಚದೆ ಹಳೇ ಸೆಡಾನಿನ ಹೀಟಿಂಗ್ ನಿಲ್ಲಿಸಿದ್ದು: ನನ್ನ ಅನುಭವ

ಇಂಜಿನ್ನಿನ ಮೇಲಿನ ಮುಚ್ಚಳದಂಥ ಭಾಗವಾದ ಸಿಲಿಂಡರ್ ಹೆಡ್ ಬಿಚ್ಚದೆ, ಹೀಟ್ ಆಗುವ ಈ ಕಾರು ಸರಿಯಾಗುವುದಿಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಮಂಗಳೂರಿನ ಎರಡು ಗ್ಯಾರೇಜು, ಉಡುಪಿಯ ಒಂದು ಸರ್ವಿಸ್ ಸೆಂಟರು, ಸಾಲದ್ದಕ್ಕೆ ನನ್ನ ಭಾವ. ಹೆಡ್ ಬಿಚ್ಚಲಿಲ್ಲ, ಕಾರು ಸರಿಯಾಗಿದೆ. ಈ ಬೇಸಿಗೆಯಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡೇ ಆಗುಂಬೆ ಘಾಟಿಯ 14 ತಿರುವು ಹತ್ತಿದೆ. ಮೇಲೆ ಮುಟ್ಟುವಾಗಲೂ ಟೆಂಪರೇಚರ್ ಮುಳ್ಳು ಅರ್ಧ ಬಿಟ್ಟು ಅಲ್ಲಾಡಿರಲಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಾರು 2007ರ ಪೆಟ್ರೋಲ್ ಸೆಡಾನ್, 1.4 ಲೀಟರ್, ಕೆಎ 20. ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೆ ಯಾವ ಕಂಪನಿ ಒಳ್ಳೆಯದು ಅಂತಲೇ ಚರ್ಚೆ ಆಗುತ್ತದೆ. ನಾನು ಹೇಳುವ ತೊಂದರೆಗಳು ಕರಾವಳಿಯಲ್ಲಿ ಈ ವಯಸ್ಸಿನ ಯಾವ ಕಾರಿಗೂ ಬರುವಂಥವು. ಓಡಿದ್ದು ಹೆಚ್ಚುಕಮ್ಮಿ ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್. ನನಗಿಂತ ಮೊದಲು ಇಟ್ಟುಕೊಂಡವರ ಮನೆ ಮಲ್ಪೆ ಕಡೆ, ಕಡಲಿನಿಂದ ಕೂಗಳತೆ. ರೇಡಿಯೇಟರಿಗೆ ವರ್ಷಗಟ್ಟಲೆ ಬಾವಿ ನೀರನ್ನೇ ಹೊಯ್ದುಕೊಂಡು ಬಂದಿದ್ದರು.

ತೊಂದರೆ ಇದ್ದದ್ದು ಹೀಗೆ. ಹೆದ್ದಾರಿ 66ರಲ್ಲಿ ಅರವತ್ತು ಎಪ್ಪತ್ತರಲ್ಲಿ ಹೋದರೆ ಏನೂ ಇಲ್ಲ. ಮಂಗಳೂರಿನ ಪಂಪ್‌ವೆಲ್ಲಿನಲ್ಲಿ ಎಸಿ ಹಾಕಿ ಟ್ರಾಫಿಕ್ಕಿನಲ್ಲಿ ಐದು ನಿಮಿಷ ನಿಂತರೆ ಮುಳ್ಳು ಏರಲು ಶುರು. ಘಾಟಿಯಲ್ಲಂತೂ ಎಸಿ ಬಂದ್ ಮಾಡಿದರೂ ಏರುತ್ತಿತ್ತು. ವಾರಕ್ಕೆ ಅರ್ಧ ಲೀಟರಿನಷ್ಟು ನೀರು ಮಾಯ, ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ. "ನೀರು ಇಂಜಿನ್ನೇ ಕುಡಿಯುವುದು ಮಾರಾಯ್ರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ" ಅಂತ ಗ್ಯಾರೇಜಿನವರು ತೀರ್ಪು ಕೊಟ್ಟರು. ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವೆ ಸೋರದ ಹಾಗೆ ಕೂರಿಸುವ ಪದರವೇ ಈ ಗ್ಯಾಸ್ಕೆಟ್. ಹೆಡ್ ಇಳಿಸಿ, ಲೇತಿನಲ್ಲಿ ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಸೆಟ್ ಹಾಕಿ ಕೂರಿಸಲು 28ರಿಂದ 30 ಸಾವಿರ. ಅದೇ ವಾರ ಗುಜರಿಯವರು ಇಡೀ ಕಾರಿಗೆ ಕೇಳಿದ್ದು 22 ಸಾವಿರ. "ಎಷ್ಟು ಸಿಗ್ತದೋ ಅಷ್ಟಕ್ಕೆ ಕೊಟ್ಟು ಕೈ ತೊಳ್ಕೊಳ್ಳಿ ಭಾವ" ಅಂದ ನನ್ನ ಭಾವ.

ನಾನು ಒಪ್ಪಲಿಲ್ಲ, ಕಾರಣ ಉಂಟು. ಗೇಜಿನ ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆಸಿದ ಹಾಗೆ ಆಗಿರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ಇಲ್ಲ. ಈ ಮೂರೂ ಇಲ್ಲದೆ ಗ್ಯಾಸ್ಕೆಟ್ ಹೋಗಿದೆ ಅಂದರೆ ನಾನು ಹಣ ಕೊಡುವವನಲ್ಲ.

ಮೊದಲು ಹಿಡಿದದ್ದು ಫ್ಯಾನು. ತಿರುಗುತ್ತದೆ, ಆದರೆ ಗಾಳಿಯಲ್ಲಿ ಜೋರಿಲ್ಲ. ಒಬ್ಬರು ಮೋಟಾರ್ ಬದಲಿಸಿದ್ದರು, ಅದಕ್ಕೆ 2,200 ಹೋಗಿತ್ತು, ಫಲ ಸೊನ್ನೆ. ಮಲ್ಟಿಮೀಟರ್ ಇಟ್ಟು ನೋಡಿದೆ: ಬ್ಯಾಟರಿಯಲ್ಲಿ 13.8, ಫ್ಯಾನಿನ ಕನೆಕ್ಟರಿನಲ್ಲಿ ಹತ್ತೂವರೆ ವೋಲ್ಟ್. ಮೂರು ವೋಲ್ಟ್ ದಾರಿಯಲ್ಲೇ ಎಲ್ಲೋ ಸೋರುತ್ತಿದೆ. ಪ್ಲಸ್ ಲೈನ್ ಸರಿ ಇತ್ತು. ಮೈನಸ್ ಕಡೆಯ ಅರ್ಥ್ ವಯರನ್ನು ಕಾರಿನ ಮೈ ತಗಡಿಗೆ ಕೂರಿಸಿದ ಬೋಲ್ಟಿನಿಂದ ಬಿಚ್ಚಿ, ಬ್ಲೇಡಿನಲ್ಲಿ ಸಿಪ್ಪೆ ಸುಲಿದೆ. ಹೊರಗಿನಿಂದ ಏನೂ ಆಗದ ವಯರ್. ಒಳಗೆ ತಾಮ್ರ ಕಪ್ಪಾಗಿ, ಎಳೆ ಎಳೆಯ ನಡುವೆ ಹಸಿರು ಪುಡಿ. ಬೆರಳಿನಲ್ಲಿ ಒತ್ತಿದರೆ ಉದುರಿತು. ಸುಲಿಯುತ್ತಾ ಹೋದರೆ ಒಂದು ಗೇಣು ಉದ್ದಕ್ಕೂ ಹಾಗೇ. ಉಪ್ಪು ಗಾಳಿಯ ತೇವ ಟರ್ಮಿನಲ್ ಕಡೆಯಿಂದ ಒಳಗೊಳಗೇ ಏರಿತ್ತು. ಆರು ಸ್ಕ್ವೇರ್ ಎಂಎಂ ವಯರ್ ತಂದು ಫ್ಯಾನಿನಿಂದ ನೇರ ಬ್ಯಾಟರಿ ಮೈನಸ್ಸಿಗೇ ಎಳೆದೆ. ಖರ್ಚು ಇನ್ನೂರು ದಾಟಲಿಲ್ಲ. ಜಾಯಿಂಟಿಗೆ ಮತ್ತೆ ಹಸಿರು ಹಿಡಿಯದ ಹಾಗೆ ನಾನು ಹಚ್ಚುವುದು ಏನು ಅಂತ ಹೇಳುವುದಿಲ್ಲ. ಎರಡು ಮಳೆಗಾಲ ಕಳೆದರೂ ಟರ್ಮಿನಲ್ ಹೊಳೆಯುತ್ತಿದೆ ಅಂತ ಮಾತ್ರ ಹೇಳುತ್ತೇನೆ.

ಟ್ರಾಫಿಕ್ಕಿನ ಹೀಟಿಂಗ್ ಅಲ್ಲಿಗೆ ನಿಂತಿತು. ಘಾಟಿಯದ್ದು ಉಳಿಯಿತು.

ರೇಡಿಯೇಟರಿನ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಇನ್‌ಲೆಟ್ ಹತ್ತಿರ ತೊಂಬತ್ತರ ಆಚೆ, ನಟ್ಟನಡುವೆ ಐವತ್ತು ಚಿಲ್ಲರೆ. ಅಂದರೆ ನಡುವಿನ ಟ್ಯೂಬುಗಳಲ್ಲಿ ನೀರೇ ಓಡುತ್ತಿಲ್ಲ. ನಿಂಬೆ ಉಪ್ಪು ಕರಗಿಸಿ ಹಾಕಿ, ಇಂಜಿನ್ ಬಿಸಿ ಮಾಡಿ ಬಿಟ್ಟೆ. ಹೊರಗೆ ಬಂದದ್ದು ಮಳೆಗಾಲದ ಕೆಂಪುಕಲ್ಲಿನ ಕ್ವಾರಿಯ ನೀರಿನ ಹಾಗೆ. ಎಷ್ಟು ಲೀಟರಿಗೆ ಎಷ್ಟು ಉಪ್ಪು, ಎಷ್ಟು ಹೊತ್ತು ಅನ್ನುವುದು ನನ್ನ ಕೈಯಲ್ಲೇ ಇರಲಿ, ಯಾಕೆಂದರೆ ಹೆಚ್ಚಾದರೆ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಕೊನೆಗೆ ಅಡುಗೆ ಸೋಡಾ ನೀರು ಓಡಿಸಿ ಹುಳಿ ತೆಗೆಯಲೇಬೇಕು. ಇಂಜಿನ್ ಬ್ಲಾಕ್ ಸ್ವಚ್ಛವಾಯಿತು, ರೇಡಿಯೇಟರಿನ ನಡುಭಾಗ ಬಿಡಲಿಲ್ಲ. ಹೊಸದನ್ನೇ ತಂದೆ, ಸುಮಾರು 4,500.

ಮಾಯವಾಗುತ್ತಿದ್ದ ನೀರಿನ ಗುಟ್ಟೂ ಈ ಫ್ಲಶಿಂಗ್ ಆದ ಮೇಲೆಯೇ ಸಿಕ್ಕಿತು. ಇಂಜಿನ್ನಿನ ಹೊಗೆ ಹೊರಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹಿಂದೆ ಬ್ಲಾಕಿನಲ್ಲಿ ಒಂದು ವಾಟರ್ ಪ್ಲಗ್ ಉಂಟು, ಎಂಟಾಣೆಯಷ್ಟು ಅಗಲದ ತಗಡಿನ ಬಿಲ್ಲೆ. ಒಳಗಿಂದ ತುಕ್ಕು ತಿಂದು ಸೂಜಿಮೊನೆಯಷ್ಟು ತೂತಾಗಿತ್ತು. ಬಿಸಿ ಮ್ಯಾನಿಫೋಲ್ಡಿಗೆ ತಾಗಿದ ಹನಿ ಅಲ್ಲೇ ಆವಿ. ನೆಲಕ್ಕೆ ಏನು ಬಿದ್ದೀತು? ಟಾರ್ಚ್ ಮತ್ತು ಸಣ್ಣ ಕನ್ನಡಿ ಇಟ್ಟು ನೋಡಿದಾಗ ಬಿಳಿ ಕಲೆ ಕಂಡಿತು. ಹಿತ್ತಾಳೆಯ ಪ್ಲಗ್ ಎಲ್ಲಾ ಕಡೆ ಹೊಡೆಸಿದೆ, ನಾನೂರು ರೂಪಾಯಿಯ ಮಾಲು. ಮ್ಯಾನಿಫೋಲ್ಡ್ ಇಳಿಸಿ ಹಾಕುವ ಮಜೂರಿಯೇ 1,500.

ಇನ್ನೊಂದು, ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್. "ನಮ್ಮ ಸೆಕೆಗೆ ಅದು ಯಾಕೆ" ಅಂತ ಹಿಂದೆ ಯಾರೋ ಕಿತ್ತು ಬಿಸಾಡಿದ್ದರು. ಈ ಇಂಜಿನ್ನಿನಲ್ಲಿ ವಾಲ್ವ್ ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ. ಅದಿಲ್ಲದಿದ್ದರೆ ಒಂದಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೆ ಹಾಗೇ ಸುತ್ತುತ್ತದೆ. ಹೆದ್ದಾರಿಯಲ್ಲಿ ಇಂಜಿನ್ ತಣ್ಣಗೇ ಉಳಿದು ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಘಾಟಿಯಲ್ಲಿ ಕುದಿಯುತ್ತದೆ. 82 ಡಿಗ್ರಿಯದ್ದು 900 ಕೊಟ್ಟು ತಂದು ಹಾಕಿದೆ, ಮೈಲೇಜ್ 11ರಿಂದ 14ರ ಹತ್ತಿರ ಬಂತು. ಕ್ಯಾಪನ್ನೂ ಬದಲಿಸಿದೆ, 250. ಸ್ಪ್ರಿಂಗ್ ಸತ್ತ ಕ್ಯಾಪಿನಲ್ಲಿ ನೀರು ನೂರಕ್ಕೇ ಕುದಿಯುತ್ತದೆ, 0.9 ಬಾರ್ ಹಿಡಿಯುವ ಕ್ಯಾಪ್ ಇದ್ದರೆ 118ರ ಆಸುಪಾಸಿನ ತನಕ ಕುದಿಯುವುದಿಲ್ಲ. ಹೋಸು, ಕ್ಲಿಪ್ಪು 1,100. ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ಕೂಲೆಂಟ್, 1,200. ಒಟ್ಟು ಹತ್ತು ಸಾವಿರದ ಸುತ್ತ.

ಇದರ ನಡುವೆ ತುಕ್ಕಿನ ಮೇಲೆ ನಾನು ಮಾಡಿದ ಒಂದು ಪ್ರಯೋಗವನ್ನೂ ಹೇಳಬೇಕು. ನಮ್ಮಲ್ಲಿ ಮರಕ್ಕೆ, ದೋಣಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುವುದು ಹಿಂದಿನಿಂದಲೂ ಉಂಟಲ್ಲ, ಬ್ರೇಕ್ ಲೈನಿಂಗ್ ಮಾಡುವ ಕಡೆಯೂ ಅದನ್ನು ಬಳಸುತ್ತಾರೆ. ಎಡಬದಿಯಲ್ಲಿ ಬಾಗಿಲ ಕೆಳಗಿನ ಸಿಲ್ಲಿನ ಅಡಿಗೆ ಗೇರೆಣ್ಣೆ, ಬಲಬದಿಗೆ ಅಂಗಡಿಯ ಅಂಡರ್‌ಬಾಡಿ ಕೋಟಿಂಗ್ ಹೊಡೆದು ಒಂದು ಮಳೆಗಾಲ ಓಡಿಸಿದೆ. ಅಂಗಡಿಯದ್ದು ಕಲ್ಲು ಬಡಿದಲ್ಲಿ ಎದ್ದು, ಅದರ ಅಡಿಗೆ ನೀರು ನಿಂತು ತುಕ್ಕು ಬಂತು. ಗೇರೆಣ್ಣೆ ಹಿಡಿದ ಕಡೆ ಗಟ್ಟಿ ಪದರ ಹಾಗೇ ಉಳಿಯಿತು. ಆದರೆ ಒಣಗಲು ವಾರಗಟ್ಟಲೆ ಬೇಕು, ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ರಬ್ಬರ್ ಬುಶ್ಶಿಗೆ ತಾಗಿಸಲೇಬಾರದು. ಮೀನೆಣ್ಣೆಯನ್ನೂ ನೋಡಿದೆ. ವಾಸನೆಗೆ ಬೀದಿಯ ಬೆಕ್ಕುಗಳೆಲ್ಲ ಕಾರಿನಡಿಗೆ ಬಂದವು, ಅದನ್ನು ಅಲ್ಲಿಗೇ ಬಿಟ್ಟೆ.

ಉಳಿದ ಖರ್ಚು ಎಲ್ಲರಿಗೂ ಗೊತ್ತಿರುವುದೇ. ಮುಂದಿನ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಡುಪ್ಲಿಕೇಟ್ 1,100ಕ್ಕೆ ಸಿಗುತ್ತದೆ, ಒಂದು ಮಳೆಗಾಲಕ್ಕೆ ಕಟಕಟ ಶುರು. 2,600ರ ಒರಿಜಿನಲ್ ಮೂರು ವರ್ಷವಾದರೂ ಸದ್ದಿಲ್ಲ. ಮಳೆ ಹಿಡಿಯುವ ಮೊದಲು ವೈಪರ್ ಕೆಳಗಿನ ಡ್ರೇನಿನಿಂದ ಎಲೆ ತೆಗೆಯದಿದ್ದರೆ ನೀರು ಕಾಲಡಿಗೆ ಬಂದು ಕಾರ್ಪೆಟ್ ಬೂಸ್ಟು ಹಿಡಿಯುತ್ತದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ 1,000ದಿಂದ 1,500 ಸಿಸಿಗೆ 2022ರ ದರದಲ್ಲಿ 3,416, ಜಿಎಸ್‌ಟಿ ಸೇರಿ ನಾಲ್ಕು ಸಾವಿರದ ಹತ್ತಿರ. 2022ರಲ್ಲಿ ಆರ್‌ಸಿ ನವೀಕರಿಸುವಾಗ ಶುಲ್ಕ 600ರಿಂದ 5,000ಕ್ಕೆ ಏರಿ ಆಗಿತ್ತು, ಹಸಿರು ತೆರಿಗೆ ಬೇರೆ. 20 ವರ್ಷ ದಾಟಿದ ಕಾರಿಗೆ ಈಗ 10,000 ಮಾಡಿದ್ದಾರೆ. 2027ಕ್ಕೆ ಅದೂ ಬರುತ್ತದೆ, ತೆಗೆದಿಟ್ಟಿದ್ದೇನೆ. ಹೊಸ ಕಾರಿನ ಒಂದು ತಿಂಗಳ ಕಂತೇ ಅದಕ್ಕಿಂತ ಹೆಚ್ಚಾಗುತ್ತದೆ.

ಮುಂದಿನ ಕೆಲಸ ಪೆಟ್ರೋಲ್ ಹೋಸಿನದ್ದು. ಶೇ. 20 ಎಥೆನಾಲ್ ಇರುವ ಪೆಟ್ರೋಲು ಹಳೇ ರಬ್ಬರಿಗೆ ಆಗುವುದಿಲ್ಲ. ಟ್ಯಾಂಕಿನ ಹತ್ತಿರದ ಹೋಸಿನಲ್ಲಿ ಆಗಲೇ ಸಣ್ಣ ಬಿರುಕು ಕಾಣುತ್ತಿದೆ. ಎಥೆನಾಲ್ ತಡೆಯುವ ಹೋಸು ಮೀಟರ್ ಲೆಕ್ಕದಲ್ಲಿ ಮಂಗಳೂರಿನಲ್ಲಿ ಸಿಗುತ್ತದೆ. ಮಳೆ ಶುರುವಾಗುವ ಮೊದಲು ಹಾಕಿ ಮುಗಿಸುತ್ತೇನೆ. ಭಾವನ ಕಾರೂ ಈಗ ಹೀಟ್ ಆಗುತ್ತಿದೆಯಂತೆ; ಈ ಭಾನುವಾರ ಮಲ್ಟಿಮೀಟರ್ ಹಿಡಿದುಕೊಂಡು ಬರಲು ಹೇಳಿದ್ದಾನೆ.