ಅಜ್ಜ ತೋಡಿದ ಕಾದಿಗೆಯನ್ನು ನಾನು ಮುಚ್ಚಿದೆ

ನಮ್ಮ ಮನೆಯ ಕೆಳಗಿನ ಹದಿನೆಂಟು ಗುಂಟೆಗೆ ಜಡ್ಡಿಗದ್ದೆ ಎಂದೇ ಹೆಸರು. ಜಡ್ಡಿಯೆಂದರೆ ಜೌಗು, ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುವ ಜಾಗ. ಅಜ್ಜ ಅದರ ನಡುವೆ ಆಳವಾದ ಕಾದಿಗೆ, ಅಂದರೆ ಬಸಿಗಾಲುವೆ ತೋಡಿ, ನೀರು ಬಸಿದು ಭತ್ತ ಬೆಳೆದಿದ್ದರಂತೆ. ಅಪ್ಪನ ಕಾಲಕ್ಕೆ ಆಳು ಸಿಗದೆ, ಹಂದಿ ಕಾಟವೂ ಹೆಚ್ಚಿ ಗದ್ದೆ ಬೀಳುಬಿತ್ತು. ನನ್ನ ಪಾಲಿಗೆ ಬಂದಾಗ ಅಲ್ಲಿದ್ದದ್ದು ಹುಲ್ಲು, ಕೇದಿಗೆಯ ಜಾತಿಯ ನಾಲ್ಕು ಮುಂಡಿಗೆ ಪೊದೆ ಮತ್ತು ಮೂಲೆಯಲ್ಲಿ ಒಂದೇ ಒಂದು ದೊಡ್ಡ ಮರ. ಕಾಂಡದ ಮೇಲಿನಿಂದಲೇ ಸುತ್ತಲೂ ಬೇರಿಳಿಸಿಕೊಂಡು ಊರುಗೋಲು ಕೊಟ್ಟಂತೆ ನಿಂತಿದ್ದ ಅದನ್ನು ನಾವು ರಾಮಪತ್ರೆಯ ಜಾತಿ ಎಂದಷ್ಟೇ ತಿಳಿದಿದ್ದೆವು.

ಅದರ ಬೆಲೆ ಗೊತ್ತಾದದ್ದು 2013ರ ಚಳಿಗಾಲದಲ್ಲಿ, ಕತ್ತಲೆಕಾನಿಗೆ ಹೋದಾಗ. ಸಿದ್ದಾಪುರದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯ ಮಗ್ಗುಲಲ್ಲೇ ಇರುವ ಆ ಕಾಡನ್ನು ನೂರಾರು ಸಲ ಬಸ್ಸಿನಲ್ಲಿ ದಾಟಿದ್ದೆ, ಒಳಗೆ ಹೊಕ್ಕಿರಲಿಲ್ಲ. ಅಲ್ಲಿನ ಜಡ್ಡಿಯಲ್ಲಿ ನಮ್ಮ ಮೂಲೆಮರದಂಥವು ಗುಂಪುಗುಂಪಾಗಿ ನಿಂತಿದ್ದವು. ಕೆಲವು ಮರಗಳ ಬೇರುಗಳಂತೂ ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗೇ ಇಳಿದಿದ್ದವು. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಆದ್ದರಿಂದ ಅದು ಉಸಿರಾಡಲು ಮೇಲೆ ಬರುತ್ತದೆ. ಮೂಲೆಮರದ ಹೆಸರು ಮಿರಿಸ್ಟಿಕಾ ಮ್ಯಾಗ್ನಿಫಿಕಾ, ಜಾಯಿಕಾಯಿಯ ಬಳಗ, ಅಳಿವಿನ ಅಪಾಯದಲ್ಲಿರುವ ಮರಗಳ ಪಟ್ಟಿಯಲ್ಲಿದೆ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ, ಘಟ್ಟದಲ್ಲೂ ವರ್ಷವಿಡೀ ನೀರು ಆರದ ಸಣ್ಣ ಹಳ್ಳಗಳ ತಲೆಯಲ್ಲಿ ಮಾತ್ರ. ಅಂಥ ಕಣಿವೆಗಳೇ ಅಡಿಕೆಗೂ ಭತ್ತಕ್ಕೂ ಪ್ರಶಸ್ತ. ಅಂದರೆ ಜಡ್ಡಿಗಳನ್ನು ತೋಟ ಗದ್ದೆ ಮಾಡಿ ಮುಗಿಸಿದವರು ನಮ್ಮಂಥವರೇ. ಉಳಿದವುಗಳಲ್ಲಿ ಹಲವು ಉಳಿದದ್ದು ದೇವರ ಕಾನೆಂಬ ಹೆದರಿಕೆಯಿಂದ.

ಉಮೇದಿನಲ್ಲಿ ಮರುವರ್ಷ ಮಳೆ ಹಿಡಿಯುತ್ತಿದ್ದಂತೆ ಎಂಬತ್ತು ಸಸಿ ತಂದು ಗದ್ದೆಯಲ್ಲಿ ಸಾಲಾಗಿ ನೆಟ್ಟೆ. ಸಾಲು ಎಷ್ಟು ನೇರವಿತ್ತೆಂದರೆ ಹಗ್ಗ ಹಿಡಿದು ಅಡಿಕೆ ಸಸಿ ನೆಟ್ಟಂತಿತ್ತು. ಮಳೆಗಾಲ ಮುಗಿಯುವವರೆಗೆ ಚೆನ್ನಾಗಿಯೇ ಇದ್ದವು. ಜನವರಿಯಲ್ಲಿ ಎಲೆಯ ಅಂಚು ಸುಟ್ಟಂತಾಯಿತು, ಮಾರ್ಚ್‌ನಲ್ಲಿ ಕಡ್ಡಿಗಳಷ್ಟೇ ನಿಂತಿದ್ದವು. ಏಪ್ರಿಲ್‌ನಲ್ಲಿ ಎಣಿಸಿದರೆ ಜೀವಂತ ಇದ್ದದ್ದು ಏಳು. ಆ ಏಳೂ ಮುಂಡಿಗೆ ಪೊದೆಯ ನೆರಳಿನಲ್ಲಿದ್ದವು.

ನಾನು ಬಿಸಿಲನ್ನು ದೂರಿದೆ, ಸಸಿ ಕೊಟ್ಟವರನ್ನೂ ದೂರಿದೆ. ನಿಜವಾದ ತಪ್ಪು ಕಣ್ಣೆದುರಿಗೇ ಇತ್ತು. ಕಾದಿಗೆ ಇನ್ನೂ ಹರಿಯುತ್ತಿತ್ತು. ಗದ್ದೆ ಬಿಟ್ಟು ಮೂವತ್ತು ವರ್ಷವಾದರೂ ಅಜ್ಜ ತೋಡಿದ ಕಾದಿಗೆ ತನ್ನ ಕೆಲಸ ಬಿಟ್ಟಿರಲಿಲ್ಲ. ಡಿಸೆಂಬರ್ ಬಂತೆಂದರೆ ಜಡ್ಡಿಯ ನೀರನ್ನೆಲ್ಲ ಎಳೆದು ಹಳ್ಳಕ್ಕೆ ಕೊಡುತ್ತಿತ್ತು. ಒಂದು ಬಿದಿರ ಗಳಕ್ಕೆ ಗೇಣು ಗೇಣಿಗೆ ಗೀರು ಹಾಕಿ, ಗದ್ದೆಯ ನಡುವೆ ಗುಂಡಿ ತೋಡಿ ಇಳಿಬಿಟ್ಟೆ. ವರ್ಷವಿಡೀ ಪ್ರತಿ ಅಮಾವಾಸ್ಯೆಗೆ ಹೋಗಿ ನೋಡಿ ಕ್ಯಾಲೆಂಡರಿನಲ್ಲಿ ಬರೆದೆ. ಮಾರ್ಚ್ ಅಮಾವಾಸ್ಯೆಗೆ ನೀರು ನೆಲದಿಂದ ಐದು ಗೇಣು ಕೆಳಗಿತ್ತು. ಜಡ್ಡಿಯಲ್ಲಿ ಹುಟ್ಟಬೇಕಾದ ಮರವನ್ನು ನಾನು ಒಣಗದ್ದೆಯಲ್ಲಿ ನೆಟ್ಟಿದ್ದೆ, ಅಷ್ಟೆ.

ಕಾದಿಗೆ ಮುಚ್ಚುವುದು ಒಂದು ದಿನದ ಕೆಲಸ, ಒಪ್ಪಿಸುವುದು ಒಂದು ವರ್ಷದ್ದು. ಕೆಳಗಿನ ತೋಟದ ಭಾವ ಬಂದು, “ನೀನು ಮೇಲೆ ನೀರು ಕಟ್ಟಿದರೆ ಅದು ಒಸರಿ ನನ್ನ ತೋಟಕ್ಕೇ ಬರುತ್ತದೆ, ಅಡಿಕೆಯ ಬೇರು ಕೊಳೆತರೆ ಯಾರು ಹೊಣೆ?” ಎಂದ. ಕೇಳಬೇಕಾದ ಪ್ರಶ್ನೆಯೇ. ಕೊನೆಗೆ ಕಾದಿಗೆಯನ್ನು ಪೂರ್ತಿ ಮುಚ್ಚುವ ಬದಲು ಏಳು ಕಡೆ ಸಣ್ಣ ಒಡ್ಡು ಹಾಕಿದೆವು. ಸೀಳಿದ ಅಡಿಕೆ ಮರದ ದಬ್ಬೆಯನ್ನು ಎರಡು ಸಾಲು ಊರಿ, ನಡುವೆ ಜೇಡಿಮಣ್ಣು ತುಳಿದು ತುಂಬಿದೆವು. ಪ್ರತಿ ಒಡ್ಡಿನ ನೆತ್ತಿ ಗದ್ದೆಯ ಮಟ್ಟಕ್ಕಿಂತ ಒಂದು ಗೇಣು ಕೆಳಗೆ, ಮಳೆಗಾಲದ ಹೆಚ್ಚಿನ ನೀರು ಹಳೆಯ ದಾರಿಯಲ್ಲೇ ಹೋಗಲೆಂದು. ಮೊದಲ ಮಳೆಗಾಲದಲ್ಲಿ ಭಾವ ವಾರಕ್ಕೆರಡು ಸಲ ಬಂದು ತನ್ನ ಬೇಲಿಯಂಚಿನ ಮಣ್ಣನ್ನು ಹಿಸುಕಿ ನೋಡುತ್ತಿದ್ದ. ನಾನೂ ಹೋಗಿ ಹಿಸುಕುತ್ತಿದ್ದೆ.

2016ರ ಮೇಯಲ್ಲಿ ಒಡ್ಡು ಹಾಕಿದ್ದು. ಮರುವರ್ಷದ ಮಾರ್ಚ್‌ನಲ್ಲಿ ಗಳದ ಮೇಲೆ ನೀರು ಎರಡು ಗೇಣಿಗೆ ಬಂದಿತ್ತು. ಆ ವರ್ಷ ಒಂದೇ ಒಂದು ಗಿಡ ನೆಡಲಿಲ್ಲ. ಮುಂಡಿಗೆ ತಾನಾಗಿ ಹಬ್ಬಿತು. ಸೌದೆಗೂ ಬೇಡವೆಂದು ನಾವು ಕಡಿದೊಗೆಯುವ ಅಗಲ ಎಲೆಯ ಮರಗಳು ಅಂಚಿನಲ್ಲಿ ಎದ್ದವು. ಕತ್ತಿ ಹಿಡಿದು ಹೋದವನು ಸುಮ್ಮನೆ ವಾಪಸು ಬಂದೆ. ಮುಂದೆ ನೆರಳು ಕೊಟ್ಟವು ಅವೇ.

ಮತ್ತೆ ಸಸಿ ಹುಡುಕಿಕೊಂಡು ಹೋಗುವ ಬದಲು ಬೀಜದಿಂದಲೇ ಎಬ್ಬಿಸುವ ಹಟ ಹಿಡಿದೆ. ಪಕ್ಕದ ಊರಿನ ಚೌಡಿಯ ಕಾನಿನಲ್ಲಿ ಹೆಣ್ಣುಮರಗಳಿವೆ. ಈ ಮರಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ, ಹೂ ಬಿಡುವವರೆಗೆ ಯಾವುದು ಯಾವುದೆಂದು ಯಾರೂ ಹೇಳಲಾರರು. ಊರವರನ್ನೂ ಅರಣ್ಯ ಇಲಾಖೆಯ ಗಾರ್ಡನ್ನೂ ಕೇಳಿಕೊಂಡು, ಉದುರಿದ್ದರಲ್ಲಿ ಅರ್ಧ ಅಲ್ಲೇ ಬಿಟ್ಟು, ಇನ್ನೂರು ಬೀಜ ಆರಿಸಿ ತಂದೆ. ಬೂಸ್ಟು ಬರಬಾರದೆಂದು ಬೀಜವನ್ನು ಸುತ್ತಿದ ಕೆಂಪು ಪತ್ರೆ ಬಿಡಿಸಿ, ತೊಳೆದು, ಅಂಗಳದ ಮಾಡಿನ ಕೆಳಗೆ ಹರವಿ ಒಣಗಿಸಿದೆ. ಅಡಿಕೆ ಬೆಳೆಯುವವನ ಕೈಗೆ ಗೊತ್ತಿರುವುದು ಅದೊಂದೇ: ಏನು ಸಿಕ್ಕರೂ ಒಣಗಿಸು. ಮೂರು ವಾರದ ಮೇಲೆ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಣಗಿದ ಗೋಟಡಿಕೆಯಂತೆ ಕಟಕಟ ಎಂದಿತು. ಒಡೆದು ನೋಡಿದೆ. ಚಿಪ್ಪಿನಿಂದ ಬಿಟ್ಟುಕೊಂಡು ಸುಕ್ಕಾದ ತಿರುಳು. ಇನ್ನೂರರಲ್ಲಿ ಒಂದೂ ಮೊಳೆಯಲಿಲ್ಲ. ಸದಾ ಒದ್ದೆಯಲ್ಲಿರುವ ಕಾಡಿನ ಬೀಜಕ್ಕೆ ಕಾಯುವ ಅಭ್ಯಾಸವಿಲ್ಲ, ತೇವ ಆರಿತೆಂದರೆ ಜೀವವೂ ಆರಿತು.

2018ರಲ್ಲಿ ಬಿದ್ದ ಬೀಜವನ್ನು ಅದೇ ದಿನ ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಸಂಜೆಯೊಳಗೆ ನೀರಿಗೆ ಹಾಕಿ, ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ಮರಳು ಮತ್ತು ಕಾಡಿನ ತರಗೆಲೆ ಗೊಬ್ಬರದಲ್ಲಿ ಊರಿದೆ. ನೂರೈವತ್ತಕ್ಕೆ ತೊಂಬತ್ತೆರಡು ಎದ್ದವು, ಅದೂ ಎರಡು ಮೂರು ತಿಂಗಳ ಮೇಲೆ. ನಡುವೆ ಎಷ್ಟೋ ಸಲ ಮಣ್ಣು ಕೆದಕಿ ನೋಡಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ.

ಹತ್ತಿಪ್ಪತ್ತು ಬೀಜವನ್ನು ನೇರ ಜಡ್ಡಿಯಲ್ಲೇ ಇಟ್ಟು ನೋಡಿದ್ದೆ. ಬೆಳಗಾಗುವಷ್ಟರಲ್ಲಿ ಎಲ್ಲವೂ ಮಾಯ. ಮುಳ್ಳುಹಂದಿಯ ಕೆಲಸವೆಂದುಕೊಂಡು ರಾತ್ರಿ ಟಾರ್ಚ್ ಹಿಡಿದು ಕುಳಿತೆ. ಅಂಗೈಯಗಲದ ಏಡಿಯೊಂದು ತನಗಿಂತ ದಪ್ಪದ ಬೀಜವನ್ನು ತಬ್ಬಿಕೊಂಡು ಅಡ್ಡಡ್ಡ ನಡೆಯುತ್ತಿತ್ತು. ಎರಡು ಹೆಜ್ಜೆಗೊಮ್ಮೆ ನಿಂತು, ಕೆಂಪು ಪತ್ರೆಯನ್ನು ಕಿತ್ತು ಬಾಯಿಗಿಟ್ಟು, ಮತ್ತೆ ಎಳೆಯುತ್ತಿತ್ತು. ಬಿಲದ ಬಾಯಿ ಚಿಕ್ಕದು, ಬೀಜ ದೊಡ್ಡದು. ಅರ್ಧ ಗಂಟೆ ತಿರುಗಿಸಿ ಮುರುಗಿಸಿ ಕೊನೆಗೆ ಬಾಗಿಲಲ್ಲೇ ಬಿಟ್ಟುಹೋಯಿತು. ಹಾಗೆ ಬಿಲದ ಬಾಯಿಯಲ್ಲಿ ಉಳಿದವುಗಳಲ್ಲಿ ಎರಡು ಮೊಳೆತವು. ಈಗ ಇರುವ ಗಿಡಗಳಲ್ಲಿ ನನಗೆ ಹೆಚ್ಚು ಸಲಿಗೆ ಆ ಎರಡರ ಮೇಲೆಯೇ.

2019ರಲ್ಲಿ ಅರವತ್ತು ಗಿಡ ನೆಟ್ಟೆ, ಈ ಸಲ ಸಾಲಿನಲ್ಲಲ್ಲ. ಗಂಡು ಹೆಣ್ಣು ಗೊತ್ತಿಲ್ಲದ್ದರಿಂದ ಐದೈದರ ಗುಂಪು, ಹನ್ನೆರಡು ಕಡೆ. ನೀರು ನಿಂತರೆ ಎಳೆ ಗಿಡದ ತಲೆ ಮುಳುಗಬಾರದೆಂದು ಪ್ರತಿಯೊಂದಕ್ಕೂ ಮೊಳದೆತ್ತರದ ದಿಬ್ಬ, ಪಡುವಣ ಬಿಸಿಲಿಗೆ ಅಡ್ಡ ಒಂದು ಅಡಿಕೆ ಸೋಗೆ. ಆ ಆಗಸ್ಟ್‌ನ ನೆರೆಯನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಏಳರಲ್ಲಿ ಎರಡು ಒಡ್ಡು ಕಿತ್ತುಹೋದವು, ದಿಬ್ಬಗಳ ಸಹಿತ ಹತ್ತೊಂಬತ್ತು ಗಿಡ ಹೋದವು. ಒಡ್ಡನ್ನು ಮತ್ತೆ ಕಟ್ಟುವಾಗ ಮೊದಲು ಬಂದವನು ಭಾವ, ಕರೆಯದೆ, ತನ್ನದೇ ದಬ್ಬೆ ಹೊತ್ತುಕೊಂಡು.

ಬೇಸಿಗೆಯ ಕೆಲಸಕ್ಕೆ ಇಲ್ಲಿ ಇನ್ನೊಂದು ತೊಡಕು, ಮಂಗನ ಕಾಯಿಲೆ ಹರಡುವ ಉಣುಗು. ಮಂಗನ ಕಾಯಿಲೆಯ ಸುದ್ದಿ ಬಂದ ವರ್ಷ ಡಿಸೆಂಬರಿನಿಂದ ಮೇವರೆಗೆ ಜಡ್ಡಿಯ ಮೇಲಿನ ಬೆಟ್ಟಕ್ಕೆ ಯಾರನ್ನೂ ಕಳಿಸುವುದಿಲ್ಲ. ಬೆಟ್ಟದ ತರಗೆಲೆಯನ್ನು ತೋಟಕ್ಕೆಂದು ಗುಡಿಸಿ ತರುವುದನ್ನೂ ಜಡ್ಡಿಯ ನೆತ್ತಿಯ ಭಾಗದಲ್ಲಿ ನಿಲ್ಲಿಸಿದ್ದೇವೆ. ನೆಲ ಬರಿದಾದಷ್ಟೂ ಮಳೆನೀರು ಇಂಗದೆ ಜಾರಿಹೋಗುತ್ತದೆ, ಒರತೆ ಬೇಗ ಆರುತ್ತದೆ.

ಕತ್ತಲೆಕಾನಿನ ಹೆಸರನ್ನೇ ಹೊತ್ತ ಮರವೊಂದಿದೆ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್, ಗೇರಿನ ಬಳಗದ್ದು. ಅದನ್ನು ಹೊಸ ಪ್ರಭೇದವೆಂದು ಗುರುತಿಸಿ ಹೆಸರಿಟ್ಟದ್ದೇ 2000ರಲ್ಲಿ, ಉಳಿದಿರುವ ದೊಡ್ಡ ಮರಗಳು ತೀರಾ ಕಡಿಮೆ. ಅದರ ಐದು ಸಸಿ ಸಿಕ್ಕಿದ್ದವು. ನಾಲ್ಕು ಬದುಕಿವೆ, ನಾಲ್ಕೂ ಗಂಡಾಗಿಬಿಟ್ಟರೆ ಎಂಬ ಚಿಂತೆಯೂ ಇದೆ.

ಈ ಮೇಯಲ್ಲಿ ಎಣಿಸಿದಾಗ ದಿಬ್ಬದ ಗಿಡಗಳು ಮೂವತ್ತೆಂಟು, ಮೊದಲಿನ ಏಳರಲ್ಲಿ ಐದು, ಏಡಿಯವು ಎರಡು. ಎತ್ತರದ್ದು ನನ್ನ ಭುಜಕ್ಕೆ ಬರುತ್ತದೆ, ಅಷ್ಟೆ. ಅದೇ ವಯಸ್ಸಿನ ಅಕೇಶಿಯಾವನ್ನು ಇಷ್ಟು ಹೊತ್ತಿಗೆ ಕಡಿದು ಮಾರಿರುತ್ತಿದ್ದರು ಎಂದು ತಮ್ಮ ನಗುತ್ತಾನೆ. ಮೊದಲ ಐದರಲ್ಲಿ ಒಂದರ ಕಾಂಡದಿಂದ, ನೆಲಕ್ಕಿಂತ ಗೇಣು ಮೇಲೆ, ಪೆನ್ಸಿಲ್ ದಪ್ಪದ ಬೇರೊಂದು ಹೊರಟು ಓರೆಯಾಗಿ ಇಳಿಯುತ್ತಿದೆ. ಕೆಸರು ಮುಟ್ಟಲು ಇನ್ನು ನಾಲ್ಕು ಬೆರಳು ಬೇಕು. ಮೇಲಿನ ಅರ್ಧ ಜಡ್ಡಿ ತಮ್ಮನ ಪಾಲು, ಅಲ್ಲಿ ಅಜ್ಜನ ಕಾದಿಗೆ ಈಗಲೂ ತೆರೆದೇ ಇದೆ. ಕೇಳಿದ್ದೇನೆ. ಅಡಿಕೆಯ ಕೊನೆಕೊಯ್ಲು ಮುಗಿಯಲಿ, ನೋಡೋಣ ಎಂದಿದ್ದಾನೆ.