ಟೈರ್ ಅದಲು ಬದಲು: ಸೆನ್ಸರ್ ಇರುವ ಕಾರಿಗೆ ಇನ್ನೂ ಎರಡು ಕೆಲಸ

ಎಂಜಿನ್ನಿನ ಭಾರ, ಸ್ಟೀರಿಂಗ್ ತಿರುವು, ಬ್ರೇಕಿನ ಒತ್ತು ಎಲ್ಲವನ್ನೂ ಹೆಚ್ಚಾಗಿ ತಡೆದುಕೊಳ್ಳುವುದು ಮುಂದಿನ ಟೈರುಗಳು. ಅವೇ ಬೇಗ ಸವೆಯುತ್ತವೆ. ಸುಮಾರು 8,000ದಿಂದ 10,000 ಕಿ.ಮೀ.ಗೊಮ್ಮೆ ಹಿಂದುಮುಂದು ಮಾಡಿದರೆ ನಾಲ್ಕರ ಸವೆತವೂ ಸಮನಾಗುತ್ತದೆ. ಆದರೆ ಗಾಳಿಯ ಒತ್ತಡ ತಿಳಿಸುವ ಸೆನ್ಸರ್ ಇರುವ ಕಾರಿನಲ್ಲಿ ನಟ್ ಬಿಗಿದ ಮಾತ್ರಕ್ಕೆ ಕೆಲಸ ಮುಗಿಯಿತು ಎನ್ನಲಾಗದು.

ಮೊದಲು ನಿಮ್ಮ ಕಾರಿನಲ್ಲಿ ಯಾವ ಬಗೆಯ ವ್ಯವಸ್ಥೆ ಇದೆ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಒಂದರಲ್ಲಿ ಪ್ರತಿ ಚಕ್ರದೊಳಗೂ, ಸಾಮಾನ್ಯವಾಗಿ ವಾಲ್ವಿನ ಬುಡದಲ್ಲಿ, ಪುಟ್ಟ ಸೆನ್ಸರ್ ಇರುತ್ತದೆ. ಅದು ಒತ್ತಡದ ಜೊತೆಗೆ ತನ್ನ ಗುರುತಿನ ಸಂಖ್ಯೆಯನ್ನೂ ರೇಡಿಯೊ ಸಂಕೇತದಲ್ಲಿ ಕಳುಹಿಸುತ್ತದೆ. ಇನ್ನೊಂದರಲ್ಲಿ ಟೈರಿನೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಟೈರು ಉಳಿದವಕ್ಕಿಂತ ತುಸು ವೇಗವಾಗಿ ಉರುಳುವುದನ್ನು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಬಳಸುವ, ಚಕ್ರದ ವೇಗ ಅಳೆಯುವ ಸೆನ್ಸರುಗಳಿಂದಲೇ ಪತ್ತೆ ಹಚ್ಚಲಾಗುತ್ತದೆ.

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಕೈಪಿಡಿ ತೋರಿಸಿದ ಜಾಗದಲ್ಲೇ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಲೇಬೇಡಿ.

ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ ಕಾರಾದರೆ ಮುಂದಿನವು ಅದೇ ಬದಿಯಲ್ಲಿ ನೇರ ಹಿಂದಕ್ಕೆ, ಹಿಂದಿನವು ಎಡ ಬಲ ಬದಲಾಗಿ ಮುಂದಕ್ಕೆ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರಿಗೆ ಇದರ ತಿರುಗುಮುರುಗು. ಟೈರಿನ ಮಗ್ಗುಲಲ್ಲಿ ಉರುಳುವ ದಿಕ್ಕಿನ ಬಾಣದ ಗುರುತಿದ್ದರೆ ಬದಿ ಬದಲಿಸುವಂತಿಲ್ಲ. ಹಿಂದೆ, ಮುಂದೆ ಬೇರೆ ಬೇರೆ ಅಳತೆಯ ಟೈರುಗಳಿದ್ದರೆ ಅವುಗಳನ್ನು ಅದಲು ಬದಲು ಮಾಡುವ ಮಾತೇ ಇಲ್ಲ. ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಎದುರುಬದುರಾಗಿ ಬಿಗಿದು, ಕಾರು ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ (ಬಿಗಿತ ಅಳೆದು ತೋರಿಸುವ ಸ್ಪ್ಯಾನರ್) ಕೈಪಿಡಿಯ ಅಳತೆಗೆ ತನ್ನಿ. 80–100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಉಳಿದ ಎರಡು ಕೆಲಸಗಳಲ್ಲಿ ಮೊದಲನೆಯದು ಗಾಳಿ. ಅನೇಕ ಕಾರುಗಳಲ್ಲಿ ಹಿಂದಿನ, ಮುಂದಿನ ಟೈರುಗಳಿಗೆ ಬೇಕಾದ ಒತ್ತಡ ಬೇರೆ ಬೇರೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿ ನೋಡಿ, ಟೈರು ತಣ್ಣಗಿರುವಾಗ ಹೊಸ ಜಾಗಕ್ಕೆ ತಕ್ಕಂತೆ ಸರಿಪಡಿಸಿ.

ಎರಡನೆಯದು ಸೆನ್ಸರಿನ ವಿಳಾಸ. ಎಡ ಮುಂದಿದ್ದ ಚಕ್ರ ಈಗ ಎಡ ಹಿಂದೆ ಇದೆ, ಆದರೆ ಕಾರಿನ ಲೆಕ್ಕದಲ್ಲಿ ಅದು ಇನ್ನೂ ಮುಂದಿನದೇ. ಅದರಲ್ಲಿ ಗಾಳಿ ಇಳಿದರೆ ಪರದೆ ಮುಂದಿನ ಟೈರನ್ನು ತೋರಿಸುತ್ತದೆ. ನೀವು ಸರಿಯಿರುವ ಟೈರಿಗೆ ಗಾಳಿ ತುಂಬಿ, ಇಳಿದ ಟೈರಿನಲ್ಲೇ ಹೆದ್ದಾರಿಗೆ ಹೋಗುತ್ತೀರಿ. ಈ ಹಂತ ಬಿಡಬೇಡಿ ಎನ್ನುವುದು ಇದಕ್ಕಾಗಿಯೇ. ಕೆಲವು ಕಾರುಗಳು ಸ್ವಲ್ಪ ದೂರ ಓಡಿಸಿದರೆ ತಾವಾಗಿಯೇ ಹೊಸ ಜಾಗ ಗುರುತಿಸುತ್ತವೆ. ಕೆಲವಕ್ಕೆ ಮೆನುವಿನಲ್ಲಿ ಆರಂಭಿಸಿ, ಪ್ರತಿ ವಾಲ್ವಿನ ಬಳಿ ಅದಕ್ಕೆಂದೇ ಇರುವ ಉಪಕರಣ ಹಿಡಿದು ಹೊಸ ಜಾಗ ಕಲಿಸಬೇಕು. ಎಬಿಎಸ್ ಬಗೆಯದಕ್ಕೆ ಗಾಳಿ ಸರಿಪಡಿಸಿದ ನಂತರ ರೀಸೆಟ್ ಸಾಕು. ಮೊದಲೇ ಮಾಡಿದರೆ ತಪ್ಪು ಒತ್ತಡವನ್ನೇ ಸರಿಯೆಂದು ನೆನಪಿಟ್ಟುಕೊಳ್ಳುತ್ತದೆ.

ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಒತ್ತಡದ ಎಚ್ಚರಿಕೆ ದೀಪ ಗಮನಿಸಿ. ಸ್ಥಿರವಾಗಿ ಉರಿದರೆ ಗಾಳಿ ಕಡಿಮೆ. ಕಾರು ಚಾಲೂ ಮಾಡಿದಾಗ ಸುಮಾರು ಒಂದು ನಿಮಿಷ ಮಿನುಗಿ ಆಮೇಲೆ ಉರಿಯುತ್ತಲೇ ಇದ್ದರೆ ವ್ಯವಸ್ಥೆಯಲ್ಲೇ ದೋಷವಿದೆ: ಯಾವುದೋ ಸೆನ್ಸರಿನ ಬ್ಯಾಟರಿ ಮುಗಿದಿರಬಹುದು. ಹೆಚ್ಚಿನ ಸೆನ್ಸರುಗಳಲ್ಲಿ ಬ್ಯಾಟರಿ ಮಾತ್ರ ಬದಲಿಸಲು ಬರುವುದಿಲ್ಲ, ಸೆನ್ಸರನ್ನೇ ಹೊಸದು ಹಾಕಿಸಬೇಕು.