ಇಂಗ್ಲಿಷಿನ ಬಾತು, ಆನೆ, ಕುದುರೆ: ಯಾವ ಸೋಲಿಗೆ ಯಾವುದು?

ಗಂಗಾವತಿಯಲ್ಲಿ ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗೆ ಓದುವವರಿಗೆ ನಾನು ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪ್ರಾಣಿಗಳ ಹೆಸರಿರುವ ಸೋಲಿನ ನುಡಿಗಟ್ಟು ಬಂದರೆ ಸಾಕು, ನಮ್ಮ ಹುಡುಗರು ಎಲ್ಲದರ ಮುಂದೆಯೂ ‘ಫೇಲ್ ಆಗೋದು’ ಅಂತ ಬರೆದುಕೊಂಡಿರುತ್ತಾರೆ. ಆಮೇಲೆ ಪರೀಕ್ಷೆಯಲ್ಲಿ ನಾಲ್ಕೂ ಆಪ್ಷನ್ ಸರಿ ಅನಿಸುತ್ತವೆ. ಅದಕ್ಕೇ ಮೊದಲು ಇಷ್ಟು ಕೇಳಿಕೊಳ್ಳಿ. ಸೋತಿದ್ದು ಮನುಷ್ಯನಾ, ವಸ್ತುವಾ, ಪ್ರಯತ್ನವಾ? ಇನ್ನೂ ಜೀವ ಇದೆಯಾ, ಮುಗಿದೇ ಹೋಯಿತಾ?

ಬಾತುಗಳು ಎರಡಿವೆ. ಲೇಮ್ ಡಕ್ ಕುಂಟುತ್ತದೆ, ಆದರೆ ಬದುಕಿದೆ. ಕುರ್ಚಿ ಇದೆ, ಮಾತು ನಡೆಯಲ್ಲ. 18ನೇ ಶತಮಾನದ ಲಂಡನ್ ಷೇರುಪೇಟೆಯಲ್ಲಿ ಸಾಲ ತೀರಿಸಲಾಗದೆ ಕೈ ಎತ್ತಿದವನಿಗೆ ಈ ಹೆಸರಿತ್ತು. ಮುಂದೆ ಅಮೆರಿಕದ ರಾಜಕೀಯ ಇದನ್ನು ಎತ್ತಿಕೊಂಡಿತು. ಅಲ್ಲಿ ಚುನಾವಣೆ ನವೆಂಬರ್‌ನಲ್ಲಿ, ಹೊಸ ಅಧ್ಯಕ್ಷರು ಕುರ್ಚಿ ಹತ್ತುತ್ತಿದ್ದುದು ಮಾರ್ಚ್ 4ಕ್ಕೆ. ಅಲ್ಲಿಯವರೆಗೆ ಹಳಬರ ಮಾತು ಯಾರು ಕೇಳುತ್ತಾರೆ? 1933ರಲ್ಲಿ ಅವರ ಸಂವಿಧಾನದ 20ನೇ ತಿದ್ದುಪಡಿ ಜಾರಿಗೆ ಬಂದು ಆ ದಿನ ಜನವರಿ 20ಕ್ಕೆ ಸರಿಯಿತು. ನಮ್ಮಲ್ಲಾದರೆ ಅವಧಿ ಮುಗಿಯುತ್ತಾ ಬಂದ ಪಂಚಾಯಿತಿ ಅಧ್ಯಕ್ಷರಿಗೆ, ವರ್ಗಾವಣೆ ಆದೇಶ ಕೈಗೆ ಬಂದ ಸಾಹೇಬರಿಗೆ ಹೊಂದುತ್ತದೆ. ಅವರೆದುರಿಗೆ ಮಾತ್ರ ಹೇಳಬೇಡಿ! ಡೆಡ್ ಡಕ್ ಬೇರೆ. ಅದು ಹೆಚ್ಚಾಗಿ ಕೈಬಿಟ್ಟ ಯೋಜನೆಗೆ ಸಲ್ಲುತ್ತದೆ.

ವೈಟ್ ಎಲಿಫೆಂಟ್ ಸುಲಭ, ನಮ್ಮ ಪತ್ರಿಕೆಗಳೂ ಬಿಳಿಯಾನೆ ಅಂತ ಬರೆಯುತ್ತವೆ. ಸಯಾಮಿನ (ಈಗಿನ ಥಾಯ್ಲೆಂಡ್) ರಾಜರು ತಮಗಾಗದವರಿಗೆ ಬಿಳಿಯಾನೆ ಉಡುಗೊರೆ ಕೊಡುತ್ತಿದ್ದರು ಅನ್ನುವುದು ಕಥೆ. ಪವಿತ್ರ ಪ್ರಾಣಿ, ದುಡಿಸುವಂತಿಲ್ಲ, ಸಾಕಿಯೇ ಸೋಲಬೇಕು. ಇಲ್ಲಿ ಗಮನಿಸಬೇಕಾದದ್ದು ಖರ್ಚು. ಸುಟ್ಟುಹೋಗಿ ಮೂಲೆ ಸೇರಿದ ಪಂಪ್‌ಸೆಟ್ ಬಿಳಿಯಾನೆಯಲ್ಲ, ಬರೀ ಗುಜರಿ. ಸಾಲ ಮಾಡಿ ರೈಸ್ ಮಿಲ್‌ಗೆ ತಂದ ಯಂತ್ರ ಕೆಲಸವಿಲ್ಲದೆ ನಿಂತು, ಕಂತು ಮಾತ್ರ ತಿನ್ನುತ್ತಿದ್ದರೆ ಅದು ಬಿಳಿಯಾನೆ.

ಇನ್ನು ಫ್ಲಾಗಿಂಗ್ ಎ ಡೆಡ್ ಹಾರ್ಸ್, ಸತ್ತ ಕುದುರೆಗೆ ಚಾಟಿ. “ಸರ, ಕೋಣನ ಮುಂದ ಕಿನ್ನರಿ ಅಂದ್ರ ಇದೇ ಅಲ್ಲೇನ್ರಿ?” ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ. ಕೋಣ ಬದುಕಿದೆ, ಅದಕ್ಕೆ ತಿಳಿಯಲ್ಲ ಅಷ್ಟೇ. ಕುದುರೆಯ ಕಥೆಯೇ ಮುಗಿದಿದೆ. ಫೈನಲ್ ಕೀ ಆನ್ಸರ್ ಬಂದು, ನೇಮಕಾತಿಯೂ ಮುಗಿದ ಮೇಲೆ ‘ಆ ಪ್ರಶ್ನೆ ತಪ್ಪು’ ಅಂತ ಗೆಳೆಯರ ಹತ್ತಿರ ವಾದ ಮಾಡುತ್ತೀರಲ್ಲ, ಅದೇ ಸತ್ತ ಕುದುರೆಗೆ ಚಾಟಿ. ಆದರೆ ತುಂಗಭದ್ರಾ ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆ ಎರಡನೇ ಬೆಳೆಗೆ ನೀರಿಲ್ಲ ಅಂದಾಗ ರೈತರು ರಸ್ತೆಗೆ ಇಳಿದರೆ ಹೀಗೆ ಅನ್ನಬೇಡಿ. ಆ ಕುದುರೆಗೆ ಇನ್ನೂ ಉಸಿರಿದೆ.

ವೈಲ್ಡ್ ಗೂಸ್ ಚೇಸ್ ಪರೀಕ್ಷೆಗೆ ಬಹಳ ಸಲ ಬರುತ್ತದೆ. ಸಿಗದೇ ಇರುವುದರ ಹಿಂದೆ ಓಡುವುದು. ಕೊಪ್ಪಳದಲ್ಲಿ ನೇರ ನೇಮಕಾತಿ ಇದೆ ಅಂತ ವಾಟ್ಸಾಪ್‌ನಲ್ಲಿ ಬಂತು, ಬಸ್ ಹತ್ತಿ ಹೋದರೆ ಅಲ್ಲಿ ಏನೂ ಇಲ್ಲ. ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟಿಗೆ ಮೇಜಿನಿಂದ ಮೇಜಿಗೆ ಅಲೆದಿದ್ದು ಇದಲ್ಲ, ಕೊನೆಗೆ ಅದು ಕೈಗೆ ಸಿಗುತ್ತದಲ್ವಾ?

ಲೇ ಆ್ಯನ್ ಎಗ್ ಅಂದರೆ ನಾಲ್ಕು ಜನರ ಮುಂದೆ ನೆಲಕಚ್ಚುವುದು. ನಾಟಕಕ್ಕೆ, ಭಾಷಣಕ್ಕೆ ಹೇಳಬಹುದು. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿದಾಗ ವೆರೈಟಿ ಪತ್ರಿಕೆ ‘ವಾಲ್ ಸ್ಟ್ರೀಟ್ ಮೊಟ್ಟೆ ಇಟ್ಟಿತು’ ಅಂತಲೇ ತಲೆಬರಹ ಕೊಟ್ಟಿತ್ತು.

ಗಾನ್ ಟು ದ ಡಾಗ್ಸ್ ಒಂದೇ ದಿನದ ಸೋಲಿಗಲ್ಲ. ಮೊದಲು ಚೆನ್ನಾಗಿದ್ದ ಹೋಟೆಲ್ಲೋ ಹಾಸ್ಟೆಲ್ಲೋ ನಿಧಾನವಾಗಿ ಹಾಳಾದರೆ ಹೇಳಿ. ಮಾತಿಗೆ ಚೆಂದ. ಅಧಿಕಾರಿಗೆ ದೂರು ಬರೆಯುವಾಗ ಮಾತ್ರ ನಾಯಿಯನ್ನು ಹೊರಗೇ ಬಿಟ್ಟು, ಸುಮ್ನೆ ‘ಡಿಟೀರಿಯರೇಟೆಡ್’ ಅಂತ ಬರೆಯಿರಿ.